ಜನವರಿ ಇಪ್ಪತ್ತೆರಡರ ಪಿನ್ನುಗಳು

ಆಳಂದ, 11 ಫೆಬ್ರುವರಿ 1988, ಗುರುವಾರ

ಸಂಘದ ಪುಸ್ತಕದಲ್ಲಿ ಕಾರ್ಯದರ್ಶಿ ದೇವೀಂದ್ರಪ್ಪನವರು ನಿನ್ನೆ ಬರೆದಿಟ್ಟಿರುವ ಅಪಘಾತದ ವರದಿ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ತಪ್ಪು. ಘಟನೆ ನಡೆದದ್ದು ಜೇವರ್ಗಿಯ ಹತ್ತಿರವಲ್ಲ. ಅಫಜಲಪುರದಿಂದ ಈಚೆಗೆ ಮೂರು ಮೈಲಿಯಲ್ಲಿ. ರಾತ್ರಿಯಲ್ಲ, ಮಂಗಳವಾರ ಮುಂಜಾನೆ ಹನ್ನೊಂದಕ್ಕೆ, ಬಿಸಿಲು ಚೆನ್ನಾಗಿ ಏರಿದ್ದಾಗ. ಟ್ರೈಲರಿನಲ್ಲಿ "ಮಿತಿಮೀರಿದ ಹೇರು" ಇರಲಿಲ್ಲ. ತೊಗರಿಯ ಚೀಲಗಳು ಅರ್ಧಕ್ಕಿಂತ ಮೇಲೆ ಬಂದಿರಲಿಲ್ಲ. ಚಾಲಕನಿಗೆ ಆದದ್ದು "ಕಿರುಗಾಯ" ಅಲ್ಲ. "ಪಲ್ಟಿ ಹೊಡೆಯಿತು" ಎಂಬುದು ಬರವಣಿಗೆಯ ಕನ್ನಡವೂ ಅಲ್ಲ. "ಮಗುಚಿತು" ಎಂದು ಬರೆಯಬೇಕಿತ್ತು.

ನಾನು ಇದನ್ನು ಖಚಿತವಾಗಿ ಹೇಳಬಲ್ಲೆ. ಅಫಜಲಪುರದ ತಂಗಿಯ ಮನೆಯಿಂದ ಮರಳುವಾಗ ಆ ಟ್ರೈಲರಿನ ಹಿಂದಿನ ಬಸ್ಸಿನಲ್ಲಿ, ಮುಂದಿನ ಆಸನದಲ್ಲಿ ಕುಳಿತಿದ್ದೆ. ಟ್ರೈಲರಿನ ಎಡಗಾಲಿ ಒಮ್ಮೆಲೇ ಒಳಕ್ಕೆ ತಿರುಗಿದ್ದನ್ನು ಕಂಡೆ. ಆಮೇಲೆ ಇಡೀ ಟ್ರೈಲರು ಟ್ರ್ಯಾಕ್ಟರನ್ನು ಎಳೆದುಕೊಂಡು ಬದಿಗೆ ಮಲಗಿತು. ಕೆಳಗೆ ಸಿಕ್ಕವನ ಹೆಸರು ಬೀರಲಿಂಗಪ್ಪ, ಮಾದನಹಿಪ್ಪರಗಾದವನು, ಮೂವತ್ತು ದಾಟಿರಲಿಕ್ಕಿಲ್ಲ. ಅವನು ಕೂಗಲಿಲ್ಲ. "ಎತ್ರಿ, ಯಾರರ ಎತ್ರಿ" ಎಂದು ಸಾಧಾರಣ ದನಿಯಲ್ಲಿ ಹೇಳುತ್ತಿದ್ದ, ಚೀಲ ಎತ್ತಿಕೊಡಲು ಹೇಳುವವನಂತೆ. ಬಸ್ಸಿನವರೆಲ್ಲ ಸೇರಿ ಎತ್ತುವವರೆಗೆ ಅವನ ತಲೆಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದೆ. ಮೂವತ್ತಾರು ವರ್ಷ ಮಕ್ಕಳಿಗೆ ಪಾಠ ಹೇಳಿದವಳಿಗೆ ಆಗ ಹೇಳಲು ಒಂದು ವಾಕ್ಯವೂ ಹೊಳೆಯಲಿಲ್ಲ.

ಗಾಲಿಯ ಹತ್ತಿರ ಬಿದ್ದಿದ್ದ ಕಬ್ಬಿಣದ ತುಂಡೊಂದನ್ನು ಎತ್ತಿಕೊಂಡೆ. ಟ್ರೈಲರಿನ ಭಾರ ಹೊರುವ ಉಕ್ಕಿನ ಪಟ್ಟಿಗಳ ಸ್ಪ್ರಿಂಗನ್ನು ಅದರ ಕೊಂಡಿಗೆ ಹಿಡಿದಿಡುವ ಪಿನ್ನು ಅದು. ಬಳಪ ಮುರಿದಂತೆ ನಡುವೆ ಮುರಿದಿತ್ತು. ತಲೆಯ ಮೇಲೆ ನಮ್ಮ ಸಂಘದ ಗುರುತು ಇತ್ತು. ಅದರ ಕೆಳಗೆ ದಿನಾಂಕ, 22-1.

12 ಫೆಬ್ರುವರಿ, ಶುಕ್ರವಾರ

ತುಂಡನ್ನು ಸಂಘದ ಮೇಜಿನ ಮೇಲೆ ಇಟ್ಟೆ.

ಈ ಸಂಘವೆಂದರೆ ಗುಲಬರ್ಗಾ ರಸ್ತೆಯ ನಾಲ್ಕು ಶೆಡ್ಡುಗಳು. ನನ್ನ ತಮ್ಮ ದೌಲತರಾಯನ ಲೇಥಿನಲ್ಲಿ ಪಿನ್ನು ರೂಪುಗೊಳ್ಳುತ್ತದೆ. ಮುರ್ತುಜಾನ ಭಟ್ಟಿಯಲ್ಲಿ ಗಟ್ಟಿಯಾಗುತ್ತದೆ. ಮಲ್ಕಪ್ಪನ ಸಾಣೆಯಲ್ಲಿ ಹೊಳಪಾಗುತ್ತದೆ. ದೇವೀಂದ್ರಪ್ಪನವರ ಶೆಡ್ಡಿನಿಂದ ಪೆಟ್ಟಿಗೆಯಾಗಿ ಸೊಲ್ಲಾಪುರದ ಟ್ರೈಲರ್ ಕಂಪನಿಗೆ ಹೋಗುತ್ತದೆ. ಒಬ್ಬೊಬ್ಬರೇ ಹೋದಾಗ ಆ ಕಂಪನಿಯ ಕಾವಲುಗಾರ ಬಾಗಿಲನ್ನೂ ತೆರೆದಿರಲಿಲ್ಲ. ನಾಲ್ವರೂ ಕೂಡಿ ಒಂದೇ ಗುರುತು ಒತ್ತಿ ಕೊಟ್ಟ ಮೇಲೆ ಕೆಲಸ ಸಿಕ್ಕಿತು. ಹೊಲದಲ್ಲಿ ಮುಯ್ಯಿಗೆ ಮುಯ್ಯಿ ದುಡಿಯುವ ಪದ್ಧತಿಯನ್ನೇ ಇವರು ಇಲ್ಲಿಗೂ ತಂದಿದ್ದಾರೆ. ಒಬ್ಬನ ಕೆಲಸ ಹಿಂದೆ ಬಿದ್ದರೆ ಉಳಿದವರು ಕೈಹಚ್ಚುತ್ತಾರೆ. ಒಬ್ಬನು ಇಲ್ಲದಾಗ ಬಿಡುವಿದ್ದವರು ಅವನ ಜಾಗದಲ್ಲಿ ನಿಲ್ಲುತ್ತಾರೆ. ಕಂಪನಿಯೊಂದಿಗಿನ ಇಂಗ್ಲಿಷ್ ಪತ್ರವ್ಯವಹಾರ ನನ್ನದು. ನನಗಿಂತ ಮುಂಚೆ ಹೋದ ಪತ್ರಗಳ ಪ್ರತಿಗಳನ್ನು ಓದಿ ನಾಚಿಕೆಪಟ್ಟಿದ್ದೇನೆ.

ದೇವೀಂದ್ರಪ್ಪನವರು ತಮ್ಮ ವರದಿಯನ್ನು ಮತ್ತೊಮ್ಮೆ ಓದಿದರು. ಮಲ್ಕಪ್ಪ ಬೀಡಿ ಆರಿಸಿ, "ಏನ್ ಬರದೀಯೋ ಮಾರಾಯ, ಇದನ್ನ ಕೇಳಿದ್ರ ಆ ಟ್ರೈಲರೇ ಎದ್ದ ಬಂದು ನಮಗ ಮಾಫಿ ಕೇಳ್ತದ" ಎಂದ.

ಮುರ್ತುಜಾ ತುಂಡನ್ನು ಕೈಗೆತ್ತಿಕೊಂಡು, ಮುರಿದ ಮುಖವನ್ನು ಹೆಬ್ಬೆರಳಿನಿಂದ ಸವರಿ, ಬಹಳ ಹೊತ್ತು ನೋಡಿದ. ಆಮೇಲೆ ತಲೆಯ ಮೇಲಿನ ದಿನಾಂಕವನ್ನು ಓದಿದ.

"ಇದಕ್ಕ ಹದ ಬಿದ್ದಿಲ್ರಿ" ಎಂದ.

ಅವನೇ ವಿವರಿಸಿದ. ಕೆಂಪಗೆ ಕಾಯ್ದ ಪಿನ್ನನ್ನು ಎಣ್ಣೆಯಲ್ಲಿ ಅದ್ದಿದರೆ ಗಟ್ಟಿಯಾಗುತ್ತದೆ, ಆದರೆ ಗಾಜಿನಂತೆ ಸಿಡಿಯುವ ಗಟ್ಟಿತನ ಅದು. ಅದನ್ನು ಮತ್ತೊಮ್ಮೆ ಸಣ್ಣ ಉರಿಯಲ್ಲಿ ಕಾಯಿಸಿ ನಿಧಾನವಾಗಿ ಆರಲು ಬಿಡಬೇಕು. ಆಗ ಹದ ಬರುತ್ತದೆ, ಪಿನ್ನು ಪೆಟ್ಟು ತಾಳುತ್ತದೆ. ಈ ಎರಡನೆಯ ಉರಿ ಇದಕ್ಕೆ ತಾಗಿಯೇ ಇಲ್ಲ. ಸಾಣೆಯಿಂದ ಬಂದ ಮೇಲೆ ಹದವಾದದ್ದೂ ಆಗದ್ದೂ ಒಂದೇ ತರಹ ಹೊಳೆಯುತ್ತವೆ. ಸಂಘದ ಗಡಸು ಅಳೆಯುವ ಯಂತ್ರದಲ್ಲಿ ಐವತ್ತಕ್ಕೆ ಒಂದನ್ನು ಮಾತ್ರ ನೋಡುತ್ತಾರೆ.

ಅಂದರೆ ಭಟ್ಟಿಯ ತಪ್ಪು. ನನಗೆ ಆಶ್ಚರ್ಯವಾಗಲಿಲ್ಲ. ಆ ಕೋಣೆಯ ಅವ್ಯವಸ್ಥೆಯನ್ನು ನಾನು ಬಲ್ಲೆ: ಒಂದು ಬುಟ್ಟಿ ಅಡ್ಡ, ಒಂದು ಬುಟ್ಟಿ ನೆಟ್ಟಗೆ, ಕೆಲವು ಪಿನ್ನುಗಳು ಬೂದಿಯಲ್ಲಿ, ಕೆಲವು ನೆಲದಲ್ಲಿ. ಜನವರಿಯಲ್ಲಿ ಕಂಪನಿಯವರ ತಪಾಸಣೆಗೆ ಮುಂಚೆ ಅದಕ್ಕೊಂದು ರೂಪ ಬಂದದ್ದೇ ನನ್ನ ಶ್ರಮದಿಂದ. ಶಿಸ್ತಿಲ್ಲದ ಕೈಗೆ ಒಬ್ಬ ಮನುಷ್ಯನ ಜೀವವನ್ನು ಒಪ್ಪಿಸಿದ್ದೆವಲ್ಲ ಎಂದುಕೊಂಡೆ.

15 ಫೆಬ್ರುವರಿ, ಸೋಮವಾರ

ಆ ದಿನಾಂಕದ ಪಿನ್ನುಗಳು ಮುನ್ನೂರ ಇಪ್ಪತ್ತು, ಟ್ರೈಲರಿಗೆ ಎಂಟರಂತೆ ನಲವತ್ತು ಟ್ರೈಲರು. ಇಪ್ಪತ್ತೆರಡು ಇನ್ನೂ ಕಂಪನಿಯ ಅಂಗಳದಲ್ಲಿವೆ. ಹದಿನೆಂಟು ನಮ್ಮ ಮೂರು ತಾಲೂಕುಗಳಲ್ಲಿ ಓಡುತ್ತಿವೆ, ಮುರಿದದ್ದು ಅವುಗಳಲ್ಲೊಂದು. ನಾಲ್ಕೂ ಶೆಡ್ಡುಗಳು ಬೇರೆಲ್ಲ ಕೆಲಸ ನಿಲ್ಲಿಸಿ ಹೊಸ ಪಿನ್ನು ಮಾಡಿವೆ. ಇಂದಿನಿಂದ ಊರೂರಿಗೆ ಹೋಗಿ ಬದಲಿಸುವುದು. ಯಾವ ಟ್ರೈಲರಿನದು ಬದಲಾಯಿತೆಂದು ಬರೆದುಕೊಳ್ಳಲು ನಾನೂ ಹೊರಟೆ.

ಜಿಡಗಾದ ಹತ್ತಿರ ಮೊದಲ ಟ್ರೈಲರು. ದೌಲತರಾಯ ಜ್ಯಾಕು ಕೊಟ್ಟು ಎತ್ತಿದ. ಮುರ್ತುಜಾ ಕೆಳಗೆ ನುಸುಳಿ ಎಂಟು ಪಿನ್ನು ತೆಗೆದ. ಒಂದೊಂದನ್ನೂ ಹಾಸುಗಲ್ಲಿನ ಮೇಲೆ ಇಟ್ಟು ಸುತ್ತಿಗೆಯಿಂದ ಬಾರಿಸಿದ. ಐದು ತಡೆದವು. ಮೂರು ಸಿಡಿದವು. ಒಂದು ಚೂರು ನನ್ನ ಚಪ್ಪಲಿಯ ಹತ್ತಿರ ಬಂದು ಬಿತ್ತು.

ಮಧ್ಯಾಹ್ನ ಮಾದನಹಿಪ್ಪರಗಾದಲ್ಲಿ ಬೀರಲಿಂಗಪ್ಪನ ತಾಯಿ ಮಾಳಮ್ಮ ನಮ್ಮನ್ನು ಹುಡುಕಿಕೊಂಡು ಬಂದಳು. ಮಗ ಗುಲಬರ್ಗಾದ ಆಸ್ಪತ್ರೆಯಲ್ಲಿದ್ದಾನೆ. "ಈಗ್ ಬಂದೀರೇನ್ರೋ ಪಿನ್ನ ಹಿಡ್ಕೊಂಡು? ಮದಲ ಕಲ್ಲಿನ ಮ್ಯಾಲ ಬಡದ ನೋಡಾಕ ನಿಮ್ಮ ಕೈಗೇನ್ ಹುಣ್ಣ ಆಗಿತ್ತು?" ಎಂದಳು. ಮುರ್ತುಜಾ ಟ್ರೈಲರಿನ ಕೆಳಗಿನಿಂದ ಬಂದು ಅವಳ ಮುಂದೆ ನಿಂತು, ಅವಳು ಸಾಕು ಮಾಡುವವರೆಗೂ ಬೈಸಿಕೊಂಡ. ಆಮೇಲೆ ಮತ್ತೆ ಕೆಳಗೆ ಹೋದ.

ಆ ಟ್ರೈಲರಿನ ಎಂಟು ಪಿನ್ನುಗಳಲ್ಲಿ ಒಂದು ಸಿಡಿಯಿತು.

17 ಫೆಬ್ರುವರಿ

ಬೀರಲಿಂಗಪ್ಪನ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು.

19 ಫೆಬ್ರುವರಿ, ಶುಕ್ರವಾರ

ಕಂಪನಿಯ ತಪಾಸಣಾಧಿಕಾರಿ ದಶರಥ ಕಾಂಬಳೆಯವರು ತಾವೇ ಪತ್ರ ತಂದರು. ಇಂಗ್ಲಿಷಿನಲ್ಲಿತ್ತು, ನಾನು ಓದಿ ಕನ್ನಡದಲ್ಲಿ ಹೇಳಿದೆ. ತಪ್ಪಿಗೆ ಕಾರಣನಾದ ವ್ಯಕ್ತಿಯ ಹೆಸರನ್ನು ಸಂಘವು ಬರೆದುಕೊಡಬೇಕು. ಅವನನ್ನು ಕೆಲಸದಿಂದ ಹೊರಗಿಡಬೇಕು. ಮಾರ್ಚ್ ಮೂರರೊಳಗೆ ಆಗದಿದ್ದರೆ ನಾಲ್ಕೂ ಶೆಡ್ಡುಗಳಿಂದ ಕಂಪನಿ ಏನನ್ನೂ ಕೊಳ್ಳುವುದಿಲ್ಲ.

ದೌಲತರಾಯ, "ಸಂಘದಾಗ ಒಬ್ಬರ ಹೆಸರ ತಗದ ಕೊಡೋ ಪದ್ಧತಿ ಇಲ್ರಿ. ಮಾಲ ಕೆಟ್ರ ನಾಲ್ಕೂ ಮಂದಿದು ಕೆಟ್ಟಂಗ" ಎಂದ.

"ಮಾಲ ಅಲ್ರಿ ಕೆಟ್ಟಿದ್ದು, ಮನಿಶ್ಯಾನ ಕಾಲ" ಎಂದರು ದಶರಥ.

ಮುರ್ತುಜಾ ಗೋಡೆಗೆ ಆನಿಕೊಂಡು ಕುಳಿತಿದ್ದ. "ನನ್ನ ಹೆಸರ ಬರದ ಕೊಡ್ರಿ. ಭಟ್ಟಿ ನನ್ದು, ಜಿಮ್ಮೇದಾರಿ ನನ್ದು. ಮೂರು ಮನಿ ಒಲಿ ನನ್ ಸಲುವಾಗಿ ಯಾಕ ಆರಬೇಕು?"

"ಮತ್ತ ನಿನ್ನ ಒಲಿ?" ಎಂದ ಮಲ್ಕಪ್ಪ.

"ಅಲ್ಲಾ ಇದ್ದಾನ."

ಭಟ್ಟಿ ಸಂಘದ ಸ್ವತ್ತು. ಹೊರಗೆ ಹೋದರೆ ಅವನ ಕೈಯಲ್ಲಿ ಉಳಿಯುವುದು ಇಕ್ಕಳ ಮಾತ್ರ. ಇಪ್ಪತ್ತು ವರ್ಷ ಉರಿಯ ಬಣ್ಣ ನೋಡಿ ಕಾವು ಹೇಳಿದವನಿಗೆ ಆಳಂದದಲ್ಲಿ ಬೇರೆ ಭಟ್ಟಿ ಇಲ್ಲ. ಇದನ್ನು ತಿಳಿದೂ ನನಗೆ ಅವನ ಮಾತು ಸರಿಯೆನಿಸಿತು. ತಪ್ಪಿಗೆ ಹೆಸರಿರಬೇಕು, ತರಗತಿಯಲ್ಲಿ ನಾನು ಇದನ್ನೇ ಪಾಲಿಸಿದ್ದೇನೆ. ಮನೆಗೆ ಬಂದು ಪತ್ರದ ಕರಡು ಬರೆದೆ. ಶ್ರೀ ಮುರ್ತುಜಾ ಅವರ ಅಲಕ್ಷ್ಯದಿಂದ ಎಂದು ಆರಂಭಿಸಿ ಆರು ವಾಕ್ಯ. ಒಂದು ಪದ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

23 ಫೆಬ್ರುವರಿ, ಮಂಗಳವಾರ

ಜೇವರ್ಗಿಯ ಕಡೆಯ ಮೂರು ಟ್ರೈಲರುಗಳ ಪಿನ್ನುಗಳೂ ಬದಲಾದವು. ಅಲ್ಲಿಗೆ ನಮ್ಮ ಕಡೆಯದು ಮುಗಿಯಿತು. ಸಿಡಿದವು ಒಟ್ಟು ಮೂವತ್ತೊಂದು. ಕಂಪನಿಯ ಅಂಗಳದಲ್ಲಿ ಇಪ್ಪತ್ತೆಂಟು ಸಿಕ್ಕಿವೆಯೆಂದು ದಶರಥ ಅವರು ಹೇಳಿ ಕಳಿಸಿದ್ದಾರೆ. ಬೀರಲಿಂಗಪ್ಪನದು ಸೇರಿ ಅರವತ್ತು, ಭಟ್ಟಿಯ ಒಂದು ಬುಟ್ಟಿಗೆ ಹಿಡಿಯುವಷ್ಟೇ. ಹದ ತಪ್ಪಿದ್ದು ಅಲ್ಲೊಂದು ಇಲ್ಲೊಂದಲ್ಲ, ಇಡೀ ಒಂದು ಬುಟ್ಟಿ.

ಮರಳುವಾಗ ಟೆಂಪೋದ ಹಿಂದೆ ನನ್ನ ಪಕ್ಕದಲ್ಲಿ ಸಾಬವ್ವ ಕುಳಿತಿದ್ದಳು. ಭಟ್ಟಿಯಿಂದ ಸಾಣೆಗೆ ಬುಟ್ಟಿ ಹೊರುವವಳು ಅವಳೇ. ಬೇಸರ ಕಳೆಯಲೆಂದು ಕೇಳಿದೆ, ಒಂದು ಬುಟ್ಟಿ ಹೇಗೆ ತಪ್ಪಿಹೋಗುತ್ತದೆ ಎಂದು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

"ಹೇಳಬಾರ್ದಂತ ಆಣಿ ಹಾಕ್ಯಾರ್ರಿ ಅಕ್ಕೋರ."

"ಯಾರು?"

"ಮುರ್ತುಜಾ ಮಾಮಾ." ಆಮೇಲೆ ತಾನೇ ಬಿಡಿಸಿ ಹೇಳಿದಳು: "ಅಡ್ಡ ಇಟ್ಟ ಪುಟ್ಟಿ ಅಂದ್ರ ಹದ ಆಗಿಲ್ಲ ಅಂತ. ನೆಟ್ಟಗ ಇಟ್ಟಿದ್ದು ಆಗ್ಯಾದ ಅಂತ. ಹಿಂದಿನಿಂದ ಹಂಗ ಇಡ್ತಾರ್ರಿ. ನಮಗ ಓದಾಕ ಬರಂಗಿಲ್ಲ, ಅದಕ್ಕ. ಆ ಶುಕ್ರಾರ ಅವರು ನಮಾಜಿಗಿ ಹೋಗಿದ್ರು. ನೀವ್ ಭಟ್ಟಿ ಕಾಯಾಕ ಬಂದಿದ್ರಿ."

ಅವಳು ಮುಂದೆ ಹೇಳುವ ಅಗತ್ಯವಿರಲಿಲ್ಲ. ಆದರೂ ಹೇಳಿದಳು.

"ನೀವ್ ಎಲ್ಲಾ ನೆಟ್ಟಗ ಮಾಡಿ ಸಾಲಾಗಿ ಇಟ್ರಿ. ನಾ ಬಂದಾಗ ಅಡ್ಡ ಪುಟ್ಟಿ ಒಂದೂ ಇರಲಿಲ್ಲ. ಎಲ್ಲಾ ಸಾಣಿಗಿ ಹೊತ್ತ ಹೋದ್ನಿರಿ."

ಕಡಗಂಚಿಯಲ್ಲಿ ಟೆಂಪೋ ನಿಂತಾಗ ಅವಳು ನೀರು ತಂದುಕೊಟ್ಟಳು. ಲೋಟ ಹಿಡಿದು ಅವಳೇ ಕುಡಿಸಿದಳು.

24 ಫೆಬ್ರುವರಿ

ನನ್ನ ಈ ದಿನಚರಿಯಲ್ಲಿ ಜನವರಿ ಇಪ್ಪತ್ತೆರಡರ ಪುಟ ತೆಗೆದೆ. "ಇಂದು ಒಂದು ಗಂಟೆಯೊಳಗೆ ಮುರ್ತುಜಾನ ಭಟ್ಟಿಗೆ ಶಿಸ್ತು ಕಲಿಸಿದೆ. ಅವನು ಮರಳಿ ಬಂದು ನೋಡಿ ಮಾತೇ ಆಡಲಿಲ್ಲ" ಎಂದಿದೆ. ಅಕ್ಷರ ನನ್ನದೇ. ಮಸಿ ಎಲ್ಲಿಯೂ ಚೆಲ್ಲಿಲ್ಲ.

26 ಫೆಬ್ರುವರಿ, ಶುಕ್ರವಾರ

ಎರಡು ದಿನ ಹೊರಗೆ ಹೋಗಲಿಲ್ಲ. ಇಂದು ನಮಾಜು ಮುಗಿಯುವ ಹೊತ್ತಿಗೆ ಮುರ್ತುಜಾ ಅವರ ಮನೆಗೆ ಹೋದೆ. ಅವರ ಹೆಂಡತಿ ಚಾಂದಬೀ ಚಾಪೆ ಹಾಸಿದಳು. ಇವಳ ಇಬ್ಬರು ಹೆಣ್ಣುಮಕ್ಕಳೂ ನನ್ನ ಶಾಲೆಯಲ್ಲಿ ಓದಿದವರು. ನಮಾಜಿನಿಂದ ಬಂದ ಮುರ್ತುಜಾ ಅವರು ನನ್ನನ್ನು ಕಂಡು ಹೊಸ್ತಿಲಲ್ಲಿಯೇ ನಿಂತರು.

"ಸಾಬವ್ವ ಹೇಳಿದ್ಲೇನ್ರಿ?"

"ನಿಮಗೆ ಯಾವಾಗ ತಿಳಿಯಿತು?"

"ಮೇಜಿನ ಮ್ಯಾಲ ತುಂಡ ಇಟ್ರಲ್ಲ, ತಾರೀಖ ನೋಡಿದ್ನಿ. ಅಲ್ಲೇ ತಿಳೀತ್ರಿ."

"ಅಂದು ಮರಳಿ ಬಂದಾಗ ಬುಟ್ಟಿಗಳನ್ನು ನೋಡಿದಿರಲ್ಲ. ಕೇಳಬೇಕೆನಿಸಲಿಲ್ಲವೆ?"

ಅವರು ಟೊಪ್ಪಿಗೆ ತೆಗೆದು ಮಡಚಿ ಕಿಸೆಯಲ್ಲಿ ಇಟ್ಟುಕೊಂಡರು. "ಮನಸಿನ್ಯಾಗ ಬಂತ್ರಿ. ಒಂದೊಂದ ತಗದು ಅರದಿಂದ ಉಜ್ಜಿ ಹದ ನೋಡ್ಲೇನು ಅಂತ. ಆದ್ರ ನೀವ್ ಅಷ್ಟ ಚಂದ ಇಟ್ಟು, ಬಾಗ್ಲಾಗ ನಿಂತಿದ್ರಿ. ಅಕ್ಕೋರು ಇಟ್ಟಿದ್ದನ್ನ ಅವರ ಮುಂದ ತಿರಿವಿ ಹಾಕಿದ್ರ ಅವರಿಗಿ ಹ್ಯಾಂಗ ಅನಸ್ತದ ಅಂತ ಬಿಟ್ನಿ. ತಿಳದೋರು, ಆ ಪುಟ್ಟಿಗಿ ಎರಡನೇ ಉರಿ ಕೊಟ್ಟೇ ಇಟ್ಟಿರ್ತಾರ ಅಂದ್ಕೊಂಡ್ನಿ. ನಿಮ್ಮ ಗಲತಿ ಏನದ? ಅದು ನನ್ ಗಲತಿ."

ನನಗೆ ಗೌರವ ಕೊಡಲು ಒಬ್ಬ ಮನುಷ್ಯ ತನ್ನ ಕಣ್ಣನ್ನು ನಂಬಲಿಲ್ಲ. ಆ ಗೌರವವನ್ನು ನಾನು ಮೂವತ್ತಾರು ವರ್ಷ ಕೇಳಿ ಕೇಳಿ ಪಡೆದಿದ್ದೇನೆ.

"ಆದರೂ ನಿಮ್ಮ ಹೆಸರನ್ನೇ ಕೊಡುವವರಿದ್ದಿರಿ."

"ನಿಮ್ದು ಹ್ಯಾಂಗ ಹೇಳ್ಳಿರಿ?"

ಚಾಂದಬೀ ಅಡುಗೆ ಮನೆಯ ಬಾಗಿಲಿನಿಂದ, "ಹೇಳ್ರಿ ಅಂತ ನಾ ಹೇಳೀನ್ರಿ ಅಕ್ಕೋರ. ಸುಳ್ಳ ಯಾಕ? ಆರು ದಿನದಿಂದ ಈ ಮನ್ಯಾಗ ಅದೇ ಜಗಳ" ಎಂದಳು. ಅವಳ ದನಿಯಲ್ಲಿ ಗೌರವವಿರಲಿಲ್ಲ. ಆ ಒಂದು ದನಿಯೇ ನನ್ನನ್ನು ನೆಟ್ಟಗೆ ನಿಲ್ಲಿಸಿತು.

1 ಮಾರ್ಚ್, ಮಂಗಳವಾರ

ಗುಲಬರ್ಗಾದ ಆಸ್ಪತ್ರೆಗೆ ಹೋಗಿ ಬೀರಲಿಂಗಪ್ಪನಿಗೆ ಹೇಳಿದೆ. ಏನಾಯಿತೆಂದು ಮೊದಲಿನಿಂದ ಹೇಳಿದೆ, ಯಾರ ಹೆಸರನ್ನೂ ಮರೆಮಾಡಲಿಲ್ಲ. ಅವನು ಪೂರ್ತಿ ಕೇಳಿದ.

"ಅವತ್ತ ನನ್ ತಲಿ ತೊಡಿ ಮ್ಯಾಲ ಇಟ್ಕೊಂಡ ಕುಂತಿದ್ರಲ್ಲ, ಅದು ನೀವೇ ಅಲ್ಲೇನ್ರಿ?"

"ನಾನೇ."

ಅವನು ಗೋಡೆಯ ಕಡೆ ಹೊರಳಿದ. ಭೇಟಿಯ ಹೊತ್ತು ಮುಗಿದ ಗಂಟೆ ಬಾರಿಸುವವರೆಗೆ ನಾನು ಕುಳಿತಿದ್ದೆ. ಅವನು ಮತ್ತೆ ಈ ಕಡೆ ತಿರುಗಲಿಲ್ಲ.

3 ಮಾರ್ಚ್, ಗುರುವಾರ

ಸಂಘದ ಕೋಣೆಯಲ್ಲಿ ಹತ್ತು ಗಂಟೆಗೆ ಸಭೆ ಸೇರಿತು. ಹತ್ತೊಂಬತ್ತರಂದು ಬರೆದ ಕರಡನ್ನು ನಾನು ಬೆಳಿಗ್ಗೆಯೇ ಒಲೆಗೆ ಹಾಕಿದ್ದೆ. ದಶರಥ ಅವರು ಹೆಸರು ಕೇಳಿದರು. ಮುರ್ತುಜಾ ಅವರು ಎದ್ದರು. ಅವರು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ:

"ಪುಟ್ಟಿ ನೆಟ್ಟಗ ಇಟ್ಟಾಕಿ ನಾನು."

ದೌಲತರಾಯ ನನ್ನ ಕಡೆ ನೋಡಿದ ಬಗೆಯನ್ನು ಬರೆಯಲಾರೆ. ಮಲ್ಕಪ್ಪನ ಕೈಯಲ್ಲಿದ್ದ ಬೀಡಿ ಹಚ್ಚದೆಯೇ ಉಳಿಯಿತು. ಉಳಿದದ್ದನ್ನೂ ಹೇಳಿ ಮುಗಿಸಿದೆ.

ದೇವೀಂದ್ರಪ್ಪನವರು ಮೊದಲು ಚೇತರಿಸಿಕೊಂಡರು. "ಅಕ್ಕೋರು ನಮ್ಮ ಸದಸ್ಯರೇ ಅಲ್ಲ ನೋಡ್ರಿ. ಹೊರಗಿನವರು. ಹಂಗಾದ್ರ ಸಂಘದ ಮ್ಯಾಲ ತಪ್ಪೇ ಬರಂಗಿಲ್ಲ."

"ಬಾಯಿ ಮುಚ್ಚಲೇ" ಎಂದ ಮಲ್ಕಪ್ಪ. "ನಾಕ ತಿಂಗ್ಳ ಕಾಗದ ಬರೆಸ್ಕೊಂಡಾಗ ಒಳಗಿನವರಾಗಿದ್ರು, ಇವತ್ತ ಹೊರಗಿನವರಾದ್ರೇನ?"

ದೌಲತರಾಯ, "ಅಕ್ಕನ ಹೆಸರ ಬರಿಯೂದಿದ್ರ ನನ್ ಶೆಡ್ಡಿಗಿ ಇವತ್ತೇ ಕೀಲಿ ಹಾಕ್ರಿ" ಎಂದ. ಮುರ್ತುಜಾ ಅವರು, ತಿರುಗಿ ನೋಡದೆ ಬಿಟ್ಟ ತಪ್ಪು ತಮ್ಮದು, ಅದನ್ನೂ ಬರೆಯಲೇಬೇಕು ಎಂದು ಪಟ್ಟು ಹಿಡಿದರು. ಸಾಬವ್ವ, "ಹೊತ್ತಾಕಿ ನಾನಲ್ರಿ? ನಂದೂ ಬರ್ಕೋರಿ" ಎಂದಳು.

ದಶರಥ ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಎಲ್ಲಾರೂ ಹಿಂಗ ಎದ್ದ ನಿಂತ್ರ ನಾ ಸೊಲ್ಲಾಪುರಕ್ಕ ಹೋಗಿ ಏನ್ ತೋರಸ್ಲಿ? ಸಾಹೇಬ್ರಿಗಿ ಒಂದ ಹೆಸರ ಬೇಕು. ಒಂದೇ."

"ಒಂದೇ ಅದ" ಎಂದೆ. "ಬರೀತೀನಿ."

ಅಲ್ಲಿ ಇಂಗ್ಲಿಷ್ ಪತ್ರ ಬರೆಯಬಲ್ಲವಳು ನಾನೊಬ್ಬಳೇ. ಆದ್ದರಿಂದ ನನ್ನನ್ನು ಹೊರಗಿಡುವ ಪತ್ರವನ್ನು ನಾನೇ ಬರೆದೆ. ಸುಮಿತ್ರಾಬಾಯಿ ಎಂಬವರು ಹದವಾಗದ ಬುಟ್ಟಿಯನ್ನು ಹದವಾದವುಗಳ ಸಾಲಿಗೆ ಸೇರಿಸಿದರು. ಇಂದಿನಿಂದ ಅವರು ನಾಲ್ಕು ಶೆಡ್ಡುಗಳಲ್ಲಿ ಯಾವುದಕ್ಕೂ ಕಾಲಿಡುವುದಿಲ್ಲ. ಭಟ್ಟಿಯನ್ನು ಶ್ರೀ ಮುರ್ತುಜಾ ಅವರೇ ನಡೆಸುತ್ತಾರೆ. ಅವರಿಲ್ಲದ ಹೊತ್ತಿನಲ್ಲಿ ಅದಕ್ಕೆ ಕೀಲಿ ಇರುತ್ತದೆ. ಐವತ್ತಕ್ಕೆ ಒಂದಲ್ಲ, ಪ್ರತಿಯೊಂದು ಪಿನ್ನನ್ನೂ ಯಂತ್ರದ ಮೇಲೆ ನೋಡಿಯೇ ಕಳಿಸುತ್ತಾರೆ. ಕುಳಿತು ಮಾಡುವ ಆ ಕೆಲಸವನ್ನು ಬೀರಲಿಂಗಪ್ಪನಿಗೆ ಕೇಳಿ ನೋಡೋಣವೆಂದು ಮಲ್ಕಪ್ಪ ಹೇಳಿದ. ಅವನು ಒಪ್ಪುತ್ತಾನೋ ಇಲ್ಲವೋ ಯಾರೂ ಬಲ್ಲವರಿಲ್ಲ; ಅದನ್ನು ಪತ್ರದಲ್ಲಿ ಸೇರಿಸಲಿಲ್ಲ.

ದಶರಥ ಅವರು ಓದಿ ಮಡಚಿ ಕಿಸೆಯಲ್ಲಿ ಇಟ್ಟುಕೊಂಡರು. ಸಹಿಯಾದ ಗಳಿಗೆಯಿಂದ ಪತ್ರ ಜಾರಿಗೆ ಬಂದಿತ್ತು. ಹಾಗಾಗಿ ನಾನು ಎದ್ದು ಹೊರಗೆ ಹೋದೆ. ದೌಲತರಾಯ, "ಯಕ್ಕಾ, ಸಭಾ ಮುಗಿಯೋತನಾ ಕುಂದರ್" ಎಂದ. ಕೂರಲಿಲ್ಲ. ಆಗ ಮುರ್ತುಜಾ ಅವರು ಸಂಘದ ಪುಸ್ತಕವನ್ನು ತಂದು ನನ್ನ ಕೈಗೆ ಕೊಟ್ಟು, "ಇದೊಂದ ಪೂರಾ ಮಾಡಿ ಹೋಗ್ರಿ, ಇಲ್ಲಾಂದ್ರ ಇವಾ ಮತ್ತ ಟ್ರೈಲರ ಜೇವರ್ಗಿಯಾಗ ಪಲ್ಟಿ ಹೊಡಸ್ತಾನ" ಎಂದರು. ದೇವೀಂದ್ರಪ್ಪನವರು ಹಾಜರಿ ಎಂದು ನಾಲ್ವರು ಯಜಮಾನರ ಹೆಸರುಗಳನ್ನಷ್ಟೇ ಬರೆದಿದ್ದರು. ಅದು ತಪ್ಪು. ಅಲ್ಲಿದ್ದವರು ಇವರು:

ಮುರ್ತುಜಾ, ಭಟ್ಟಿಯವರು. ಮಲ್ಕಪ್ಪ, ಸಾಣೆಯವರು. ದೌಲತರಾಯ, ಲೇಥಿನವರು. ದೇವೀಂದ್ರಪ್ಪ, ಕಾರ್ಯದರ್ಶಿಗಳು. ದಶರಥ ಕಾಂಬಳೆ, ಕಂಪನಿಯವರು. ಸಾಬವ್ವ, ಬುಟ್ಟಿ ಹೊರುವವರು. ಚಾಂದಬೀ, ಕರೆಯದೆ ಬಂದು ಕೊನೆಯವರೆಗೂ ಗೋಡೆಯ ಬದಿ ನಿಂತವರು. ಸುಮಿತ್ರಾಬಾಯಿ, ಹೊಸ್ತಿಲ ಆಚೆ.